ಎಲ್ವೀರಾಳ ಸಮುದ್ರದ ರಜೆ

ಆಗಸ್ಟ್ ತಿಂಗಳಲ್ಲಿ ರೋಮಿನವನೊಬ್ಬ ರೋಮಿನ ಬೀದಿಯಲ್ಲಿ ಕಣ್ಣಿಗೆ ಬಿದ್ದನೆಂದರೆ ಅವನು ಪೊಲೀಸಿನವನಿರಬೇಕು, ಪಾದ್ರಿಯಿರಬೇಕು, ಇಲ್ಲವೇ ಕೈ ಬರಿದಾದವನಿರಬೇಕು. ಉಳಿದವರೆಲ್ಲ ಸಮುದ್ರಕ್ಕೋ ಬೆಟ್ಟಕ್ಕೋ ಹೋಗಿರುತ್ತಾರೆ. ಹೋಗಲಾಗದವರೂ ಹೋಗಿರುತ್ತಾರೆ. ಅಂದರೆ ಕಿಟಕಿಯ ಪಡಿಗಳನ್ನು ಭದ್ರವಾಗಿ ಮುಚ್ಚಿ, ರೇಡಿಯೊವನ್ನು ಕಿವಿಗೆ ಒತ್ತಿ ಹಿಡಿದು, ಪಾತ್ರೆಯ ಸದ್ದಾಗದಂತೆ ಮೂರು ವಾರ ಮನೆಯೊಳಗೇ ಬೆಂದು, ತಿಂಗಳ ಕೊನೆಗೊಂದು ದಿನ ಚೀಲ ಹಿಡಿದು ಮೆಟ್ಟಿಲಿಳಿದು ಮತ್ತೆ ಹತ್ತಿ, "ಈ ಸಲ ನೀರು ಬಹಳ ಚೆನ್ನಾಗಿತ್ತು" ಎನ್ನುತ್ತಾರೆ. ಕೇಳಿದವರು ನಂಬುತ್ತಾರೆ. ನಂಬದಿದ್ದರೆ ಮುಂದಿನ ವರ್ಷ ತಮ್ಮನ್ನು ಯಾರು ನಂಬಬೇಕು?

ತೆಸ್ತಾಚ್ಚೊ ಕೇರಿಯ ರೇಮೊ ಅಂಥ ನಾಟಕ ಆಡಿದವನಲ್ಲ. ಅವನದು ಅಪ್ಪನ ಕಾಲದಿಂದ ಬಂದ ಗುಂಡಿ, ನೂಲು, ಲೇಸಿನ ಅಂಗಡಿ. ಪ್ರತಿ ವರ್ಷ ಆಗಸ್ಟ್ ಒಂದಕ್ಕೆ ಕಬ್ಬಿಣದ ಬಾಗಿಲೆಳೆದು ಅದರ ಮೇಲೊಂದು ಕಾಗದ ಅಂಟಿಸುತ್ತಿದ್ದ: "ಸಮುದ್ರಕ್ಕೆ ಹೋಗಿದ್ದೇವೆ. ಸೆಪ್ಟೆಂಬರ್ ಒಂದಕ್ಕೆ ಬರುತ್ತೇವೆ. ಅಲ್ಲಿಯತನಕ ಗುಂಡಿ ಕಿತ್ತುಹೋದರೆ ಪಿನ್ನು ಹಾಕಿಕೊಳ್ಳಿ." ಆಮೇಲೆ ಹೆಂಡತಿ ಎಲ್ವೀರಾಳನ್ನೂ ಮಗಳು ಸಬೀನಾಳನ್ನೂ ಪುಟ್ಟ ಕಾರಿನಲ್ಲಿ ಕೂರಿಸಿಕೊಂಡು ತೆರ್ರಾಚೀನಾದ ಕಡಲ ದಂಡೆಗೆ, ಎಲ್ವೀರಾಳ ಅಕ್ಕನ ಮನೆಗೆ ಹೊರಡುತ್ತಿದ್ದ. ಇಪ್ಪತ್ತೆರಡು ವರ್ಷ ಈ ಪದ್ಧತಿ ತಪ್ಪಿರಲಿಲ್ಲ.

ಎಂಬತ್ತೇಳರ ಜೂನಿನಲ್ಲಿ ಡಾಕ್ಟರು ಎಲ್ವೀರಾಳ ಹೊಟ್ಟೆಯೊಳಗೆ ನಿಂಬೆಯಷ್ಟು ದೊಡ್ಡ ಗಡ್ಡೆಯಿದೆ ಎಂದರು. ಆಗಸ್ಟ್ ಪೂರ್ತಿ, ಶನಿವಾರ ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ನದಿಯಾಚೆಯ ಆಸ್ಪತ್ರೆಗೆ ಬಂದು ಯಂತ್ರದ ಕೆಳಗೆ ಹತ್ತು ನಿಮಿಷ ಮಲಗಬೇಕು ಎಂದರು.

ಎಲ್ವೀರಾಗೆ ಐವತ್ತೆರಡು. ಹೊಲಿಗೆಯವಳು. ಹತ್ತೊಂಬತ್ತನೇ ವಯಸ್ಸಿನಲ್ಲಿ ರೇಮೊನ ಅಪ್ಪನ ಅಂಗಡಿಗೆ ಬಂದು, ನಿನ್ನೆ ಒಯ್ದ ಡಜನ್ ಗುಂಡಿಯಲ್ಲಿ ಹನ್ನೊಂದೇ ಇವೆ ಎಂದು ಗಲ್ಲಾದ ಮೇಲೆ ಒಂದೊಂದಾಗಿ ಇಟ್ಟು ತೋರಿಸಿದ್ದಳು. ಹನ್ನೆರಡನೆಯದನ್ನು ರೇಮೊ ಬೇಕೆಂದೇ ತೆಗೆದಿಟ್ಟಿದ್ದ, ಅವಳು ಮತ್ತೆ ಬರಲಿ ಎಂದು. ವ್ಯಾಪಾರದಲ್ಲಿ ಅವನು ಮಾಡಿದ ಒಂದೇ ಮೋಸ ಅದು, ಅದರಲ್ಲಿ ಲಾಭವೇ ಆಯಿತು ಎಂದು ಅವನು ಹೇಳುತ್ತಿದ್ದ. "ಯಾರಿಗೆ ಲಾಭ ಅನ್ನೋದನ್ನ ಲೆಕ್ಕ ಹಾಕ್ಬೇಕು" ಎಂದು ಅವಳು ಸೇರಿಸುತ್ತಿದ್ದಳು.

ಆಸ್ಪತ್ರೆಯಿಂದ ಬಂದ ದಿನ ಅಡುಗೆಮನೆಯಲ್ಲಿ ಕೂತು ಅವಳು ಒಂದೇ ಮಾತು ಹೇಳಿದಳು. "ಅಂಗಳಕ್ಕೆ ಗೊತ್ತಾಗಬಾರದು."

ಅಂಗಳವೆಂದರೆ ಅವರ ವಠಾರದ ನಡುವಿನ ಚೌಕ. ಸುತ್ತ ನಾಲ್ಕು ಮಹಡಿ, ಅರವತ್ತು ಕಿಟಕಿ, ಕಿಟಕಿಯಿಂದ ಕಿಟಕಿಗೆ ಬಟ್ಟೆಯ ಹಗ್ಗ. ಎರಡು ವರ್ಷದ ಹಿಂದೆ ಕೆಳಮಹಡಿಯ ಪಾಲ್ಮಿರಾಗೆ ಇದೇ ಕಾಯಿಲೆ ಬಂದಿತ್ತು. ಆ ಕಾಯಿಲೆಯ ಹೆಸರನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಅದು" ಎನ್ನುತ್ತಾರೆ, ಅದನ್ನೂ ಪಿಸುಗುಟ್ಟಿ. ಸುದ್ದಿ ತಿಳಿದ ಮರುದಿನದಿಂದ ಪಾಲ್ಮಿರಾ ಅಂಗಳಕ್ಕೆ ಬಂದರೆ ಮಾತು ತಗ್ಗುತ್ತಿತ್ತು. ಮಕ್ಕಳ ಚೆಂಡಾಟ ನಿಂತಿತು. ಮೆಟ್ಟಿಲ ಮೇಲಿನ ಕೆಸರಿಗಾಗಿ ಅವಳ ಜೊತೆ ದಿನಾ ಜಗಳವಾಡುತ್ತಿದ್ದವರು ಸಾರು ಹೊತ್ತು ತಂದು ಕೊಡಲಾರಂಭಿಸಿದರು.

"ಪಾಲ್ಮಿರಾನ ಕೊಂದಿದ್ದು ಆ ಸಾರು" ಎಂದಳು ಎಲ್ವೀರಾ. "ನನಗೆ ಅದು ಬೇಡ ರೇಮೊ. ಸಾಯೋ ಹೊತ್ತಿಗೆ ಸಾಯ್ತೀನಿ. ಅದಕ್ಕೂ ಮುಂಚೆ ಆರು ತಿಂಗಳು ಹೆಣದ ಹಾಗೆ ನೋಡಿಸ್ಕೊಳ್ಳೋದು ನನ್ನ ಕೈಲಾಗಲ್ಲ."

"ಸಾಯೋ ಮಾತು ಯಾರಾಡಿದ್ರು? ವಾಸಿಯಾಗುತ್ತೆ ಅಂದ್ರಲ್ಲ ಡಾಕ್ಟ್ರು."

"ನೆಲ ನೋಡ್ಕೊಂಡು ಅಂದ್ರು. ನೀನು ಗಿರಾಕಿಗೆ ಈ ಬಣ್ಣ ಹೋಗಲ್ಲ ಅನ್ನೋವಾಗ ಹಾಗೇ ನೆಲ ನೋಡ್ತೀಯ."

ರೇಮೊ ಮಾತು ಕೊಟ್ಟ. ಆದರೆ ಆಗಸ್ಟ್ ಪೂರ್ತಿ ದಿನಾ ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು ಹೋಗಿ ಬಸವಳಿದು ಬರುವುದನ್ನು ಅಂಗಳದಿಂದ ಮುಚ್ಚಿಡುವುದು ಹೇಗೆ? ಉಪಾಯ ಹೇಳಿದ್ದೂ ಅವಳೇ. ಎಂದಿನಂತೆ ಸಮುದ್ರಕ್ಕೆ ಹೊರಟುಬಿಡುವುದು. ಊರು ದಾಟದೆ, ರೈಲು ಸ್ಟೇಷನ್ನಿನ ಹತ್ತಿರ, ಪ್ರವಾಸಿಗಳು ಇಳಿದುಕೊಳ್ಳುವ ಸಣ್ಣ ಹೋಟೆಲಿನಲ್ಲಿ ರೂಮು ಹಿಡಿಯುವುದು.

"ಹೋಟೆಲಲ್ಲಿ ದಿನವಿಡೀ ಏನು ಮಾಡ್ತೀಯ?" ಎಂದ ರೇಮೊ.

"ರೋಮ್ ನೋಡ್ತೀನಿ. ಹುಟ್ಟಿದಾಗಿಂದ ಇಲ್ಲೇ ಇದ್ದೀನಿ, ಕೊಲೊಸಿಯಮ್ಮಿನ ಒಳಗೆ ಕಾಲಿಟ್ಟಿಲ್ಲ. ಬಸ್ಸಿಂದ ನೋಡಿದ್ದೀನಿ, ಅದೂ ಸೀಟು ಸಿಕ್ಕ ದಿನ. ಅಲ್ಲಿ ಯಾರು ಸಿಗ್ತಾರೆ ನಮ್ಮವರು? ಬರೀ ಪರದೇಶದವರು."

ಆಗಸ್ಟ್ ಒಂದರಂದು ಕಾರಿನ ತಲೆಯ ಮೇಲೆ ಕಡಲ ಕೊಡೆ, ಮಡಚುವ ಕುರ್ಚಿ, ಚಾಪೆ ಎಲ್ಲ ಏರಿದವು. ಹೆಬ್ಬಾಗಿಲಲ್ಲಿ ಸೋರಾ ಅಸುಂತಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ವಠಾರದ ಬಾಗಿಲು ಕಾಯುವವಳು ಅವಳು. ನಮ್ಮ ಕೇರಿಯಲ್ಲಿ ಮರ್ಯಾದೆಗೆ ಹೆಂಗಸನ್ನು ಸೋರಾ ಎಂದೂ ಗಂಡಸನ್ನು ಸೋರ್ ಎಂದೂ ಕರೆಯುತ್ತಾರೆ. ಬರುವವರು ಹೋಗುವವರು, ಅಂಚೆ, ಬೀಗದ ಕೈ ಎಲ್ಲ ಅವಳ ಕೋಣೆಯನ್ನು ದಾಟಿಯೇ ಹೋಗಬೇಕು. ಅವಳ ಕಿಟಕಿಯ ಕೆಳಗೊಂದು ಜಿರೇನಿಯಂ ಕುಂಡವಿತ್ತು. ಅದರ ನೇರ ಮೇಲೆ, ಮೂರನೇ ಮಹಡಿಯಲ್ಲಿ, ಎಲ್ವೀರಾಳ ಬಟ್ಟೆಯ ಹಗ್ಗ. ಚಾದರದ ಸೋಪಿನ ನೀರು ಕುಂಡಕ್ಕೆ ತೊಟ್ಟಿಕ್ಕುವ ವಿಷಯದಲ್ಲಿ ಇಬ್ಬರಿಗೂ ಇಪ್ಪತ್ತೆರಡು ವರ್ಷದ ಜಗಳ. ಇವಳು ಹಿಂಡಿ ಹಾಕಲು ಒಪ್ಪಳು, ಅವಳು ಕುಂಡ ಸರಿಸಲು ಒಪ್ಪಳು.

"ಅಂತೂ ಹೊರಟ್ಯಾ" ಎಂದಳು ಅಸುಂತಾ. "ಒಂದು ತಿಂಗಳಾದ್ರೂ ನನ್ನ ಗಿಡ ನೆಮ್ಮದಿಯಾಗಿ ಉಸಿರಾಡುತ್ತೆ."

"ನಾನಿಲ್ದೆ ಹೋದ್ರೆ ಅದಕ್ಕೆ ನೀರು ಯಾರು ಹಾಕ್ತಾರೆ ಸೋರಾ ಅಸುಂತಾ? ನೀವಂತೂ ಹಾಕಿದ್ದು ನಾ ಕಾಣೆ."

"ಹೋಗು ಹೋಗು, ಮುಳುಗಿಬಿಟ್ಟೀಯ. ಕಾರ್ಡು ಬರೆಯೋದು ಮರೀಬೇಡ. ಹದಿನೈದಕ್ಕೆ ಚರ್ಚಿನಲ್ಲಿ ನನ್ನ ಹೆಸರಿನ ಹಬ್ಬ."

ಕಾರು ಕೇರಿಯಂಚಿನ ಪುರಾತನ ಕಲ್ಲಿನ ಪಿರಮಿಡ್ಡಿನ ತನಕ ಸಮುದ್ರದ ಕಡೆಗೇ ಹೋಯಿತು. ಅಲ್ಲಿಂದ ಎಡಕ್ಕೆ ತಿರುಗಿ ಸ್ಟೇಷನ್ನಿನ ಕಡೆ ಬಂತು.

ಹೋಟೆಲಿನ ಯಜಮಾನಿ ಫಿಲೊಮೆನಾ ಬೆಟ್ಟದ ಸೀಮೆಯವಳು. ಗುರುತಿನ ಚೀಟಿ ನೋಡಿ ಕನ್ನಡಕವನ್ನು ಹಣೆಗೇರಿಸಿದಳು. "ತೆಸ್ತಾಚ್ಚೊದವರು. ನಡೆದು ಹೋದ್ರೆ ಮುಕ್ಕಾಲು ಗಂಟೆ. ಮನೆ ಸುಟ್ಟುಹೋಯ್ತಾ?"

"ಸುಣ್ಣ ಹೊಡಿಸ್ತಿದ್ದೀವಿ" ಎಂದ ರೇಮೊ.

"ಒಂದು ತಿಂಗಳು? ಅರಮನೆ ಇರ್ಬೇಕು." ಆದರೆ ಅವಳ ಕಣ್ಣು ಎಲ್ವೀರಾಳ ಮುಖದ ಮೇಲೆ ನಿಂತು, ಆಮೇಲೆ ಅವಳು ಹಿತ್ತಿಲ ಕಡೆಯ ತಂಪಾದ ರೂಮಿನ ಬೀಗದ ಕೈ ಕೊಟ್ಟಳು.

ಹೀಗೆ ಅವರ ಪ್ರವಾಸ ಶುರುವಾಯಿತು. ಬೆಳಿಗ್ಗೆ ಏಳೂವರೆಗೆ ಆಸ್ಪತ್ರೆ. ಆಮೇಲೆ ಹತ್ತರವರೆಗೆ ಎಲ್ವೀರಾ ಮಲಗುವಳು. ಹತ್ತಕ್ಕೆದ್ದು ಹುಲ್ಲಿನ ಟೋಪಿ ಹಾಕಿಕೊಂಡು, "ಇವತ್ತೇನು?" ಎನ್ನುವಳು. ಇಪ್ಪತ್ತರ ಸಬೀನಾ ಜರ್ಮನ್ ಹೆಂಗಸೊಬ್ಬಳು ರೂಮಿನಲ್ಲಿ ಬಿಟ್ಟುಹೋದ ನಕ್ಷೆಯನ್ನು ಹಾಸಿಗೆಯ ಮೇಲೆ ಹರಡುವಳು. ಸ್ವಂತ ಊರನ್ನು ಜರ್ಮನ್ ನಕ್ಷೆ ಹಿಡಿದು ನೋಡುವುದು ರೇಮೊಗೆ ತನ್ನ ಅಂಗಡಿಯಲ್ಲೇ ಗುಂಡಿಯ ಬೆಲೆ ಕೇಳಿದಂತಿತ್ತು.

ಬಿಸಿಲು ಕಲ್ಲನ್ನು ಕಾಯಿಸಿ ಕಲ್ಲು ಮನುಷ್ಯರನ್ನು ಕಾಯಿಸುತ್ತಿತ್ತು. ಕೊಲೊಸಿಯಮ್ಮಿನ ಸಾಲು ಅರ್ಧ ಬೀದಿ ಬಳಸಿತ್ತು. ಜಪಾನಿನವರು, ಅಮೆರಿಕದವರು, ಚಡ್ಡಿ ತೊಟ್ಟ ಮುದುಕರು, ಅಳುವ ಕೂಸುಗಳು. ಲೇಸಿನಂಚಿನ ಬೀಸಣಿಗೆ ಮಾರುವವನೊಬ್ಬ ಇಂಗ್ಲಿಷಿನಲ್ಲಿ ಹತ್ತು ಸಾವಿರ ಲೀರಾ ಎಂದು ಎಲ್ವೀರಾಳ ಮೂಗಿನ ಮುಂದೆ ಬೀಸಿದ. ರೇಮೊ ತಮ್ಮ ಕೇರಿಯ ಮಾತಿನಲ್ಲಿ, "ಮಗನೇ, ಈ ಲೇಸು ನಾನು ಗಜಕ್ಕೆ ಮುನ್ನೂರಕ್ಕೆ ಮಾರ್ತೀನಿ" ಎಂದ. ಅವನು ನಾಚಿಕೊಂಡು ಒಂದನ್ನು ಪುಕ್ಕಟೆ ಕೊಟ್ಟು ಹೋದ. ಬೀದಿ ನಲ್ಲಿಯ ಮೂತಿಯನ್ನು ಎಲ್ವೀರಾ ಹೆಬ್ಬೆರಳಿನಲ್ಲಿ ಒತ್ತಿದಳು. ಕೊಳವೆಯ ಮೇಲಿನ ಸಣ್ಣ ತೂತಿನಿಂದ ನೀರು ಕಾರಂಜಿಯಂತೆ ಚಿಮ್ಮಿತು, ಅವಳು ಬಗ್ಗದೆ ಕುಡಿದಳು. ಹಿಂದಿದ್ದ ಪರದೇಶದವರೆಲ್ಲ ಚಪ್ಪಾಳೆ ತಟ್ಟಿ ಸಾಲಾಗಿ ಅದನ್ನೇ ಮಾಡಲಾರಂಭಿಸಿದರು. ಆ ದಿನ ಅವಳು ನಕ್ಕಷ್ಟು ಆ ಬೇಸಿಗೆಯಲ್ಲಿ ಮತ್ತೆ ನಗಲಿಲ್ಲ.

ಒಳಗೆ ಹೋಗಿ ಕಲ್ಲಿನ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ನೋಡಿದಳು. "ಇಷ್ಟೇನಾ" ಎಂದಳು. ಬೀಸಣಿಗೆ ಬೀಸಿಕೊಳ್ಳುತ್ತ, "ನಮ್ಮ ಅಂಗಳದ ಹಾಗೇ ಇದೆ. ಮೇಲಿಂದ ಎಲ್ಲರೂ ನೋಡ್ತಾರೆ, ನಡುವೆ ಇರೋರು ಸಾಯ್ತಾರೆ" ಎಂದಳು.

ನಾಲ್ಕನೆಯ ದಿನ ನದಿಯ ದಂಡೆಯಲ್ಲಿ, ಉಜ್ಜಿದ ಐಸಿಗೆ ಹುಳಿಚೆರ್ರಿ ಪಾಕ ಸುರಿದು ಕೊಡುವ ಗೂಡಂಗಡಿಯ ಮುಂದೆ, ಒಂದು ಪರಿಚಯದ ಬೆನ್ನು ಕಂಡಿತು. ಕೇರಿಯ ಕ್ಷೌರದ ಅಂಗಡಿಯ ಆಲ್ವಾರೊ. ಜುಲೈ ಕೊನೆಗೇ ಬೆಟ್ಟದಲ್ಲಿರುವ ತಮ್ಮನ ಮನೆಗೆ ಹೊರಟವನು. ತಿರುಗಿದವನು ಇವರನ್ನು ನೋಡಿದ. ಓಡಲು ಯಾರಿಗೂ ಜಾಗವಿರಲಿಲ್ಲ.

"ಸೋರ್ ರೇಮೊ" ಎಂದ ಆಲ್ವಾರೊ. "ಹೇಗಿದೆ ಸಮುದ್ರ?"

"ಚೆನ್ನಾಗಿದೆ. ಅಲೆ ಸ್ವಲ್ಪ ಜೋರು. ಬೆಟ್ಟ ಹೇಗೆ?"

"ಚಳಿ. ರಾತ್ರಿ ಕಂಬಳಿ ಹೊದ್ಕೋಬೇಕು" ಎಂದು ಆಲ್ವಾರೊ ಕತ್ತಿನ ಬೆವರೊರೆಸಿಕೊಂಡ.

"ಆರೋಗ್ಯ ನೋಡ್ಕೊಳ್ಳಿ. ಶೀತ ಆದೀತು."

"ನೀವೂ ಅಷ್ಟೇ, ದೂರ ಈಜೋಕೆ ಹೋಗ್ಬೇಡಿ."

ಟೋಪಿ ಮುಟ್ಟಿ ಇಬ್ಬರೂ ಎರಡು ದಿಕ್ಕು ಹಿಡಿದರು. ಆಲ್ವಾರೊ ಬಾಯಿಬಿಡುವುದಿಲ್ಲವೆಂದು ರೇಮೊಗೆ ಗೊತ್ತಿತ್ತು. ತೂಕದ ಕಲ್ಲು ಇಬ್ಬರದೂ ಒಂದೇ. ವ್ಯಾಪಾರ ಕೆಟ್ಟಿದೆ ಪಾಪ ಎಂದುಕೊಂಡಾನು, ಅಂದುಕೊಳ್ಳಲಿ. ಬಡತನದ ನಾಚಿಕೆ ವಾಸಿಯಾಗುವ ನಾಚಿಕೆ.

ಹನ್ನೊಂದನೆಯ ತಾರೀಕು ಎಲ್ವೀರಾ ಚೀಲದ ತಳದಿಂದ ನಾಲ್ಕು ಕಾರ್ಡು ತೆಗೆದಳು. ಹೋದ ವರ್ಷ ತೆರ್ರಾಚೀನಾದಲ್ಲಿ ಕೊಂಡು ಉಳಿದವು. ನೀಲಿ ಸಮುದ್ರ, ಹಳದಿ ಕೊಡೆಗಳು. ರಜೆಗೆ ಹೋದವರು ಕಾರ್ಡು ಹಾಕದಿದ್ದರೆ ನಮ್ಮಲ್ಲಿ ಅವರು ಹೋಗಿಯೇ ಇಲ್ಲವೆಂದು ಲೆಕ್ಕ. ಬ್ರೆಡ್ಡಿನಂಗಡಿಗೆ ಒಂದು, ಚರ್ಚಿನ ಪಾದ್ರಿಗೆ ಒಂದು, ಎದುರು ಮನೆಯ ಮುದುಕಿಗೆ ಒಂದು, ಸೋರಾ ಅಸುಂತಾಗೆ ಒಂದು. "ನೀರು ಬೆಚ್ಚಗಿದೆ. ರೇಮೊನ ಮೂಗು ಸುಟ್ಟಿದೆ. ನಿಮ್ಮ ಗಿಡಕ್ಕೂ ನಿಮಗೂ ಹಬ್ಬದ ಶುಭಾಶಯ." ಬರೆಯುವಾಗ ಕೈ ಎರಡು ಸಲ ನಿಂತಿತು. ವಾಕ್ಯ ಮಾತ್ರ ನಗುತ್ತಲೇ ಇತ್ತು.

ರೇಮೊ ಸ್ಟೇಷನ್ನಿನ ಮುಂದಿನ ಕೆಂಪು ಡಬ್ಬಿಗೆ ಹಾಕಿ ಬಂದ.

ಎರಡು ದಿನದ ಮೇಲೆ, ಎಲ್ವೀರಾ ಯಂತ್ರದ ಕೆಳಗಿದ್ದಾಗ, ಆಸ್ಪತ್ರೆಯ ಬೆಂಚಿನ ಮೇಲೆ ಸಬೀನಾ ಒಮ್ಮೆಲೇ ಅಪ್ಪನ ತೋಳು ಹಿಡಿದಳು. "ಅಪ್ಪಾ, ಕಾರ್ಡು ಎಲ್ಲಿ ಹಾಕಿದ್ರಿ?"

"ಸ್ಟೇಷನ್ನಿನ ಡಬ್ಬಿಗೆ."

"ಅಂಚೆ ಮುದ್ರೆ ರೋಮಿಂದು ಬೀಳುತ್ತೆ."

ಮೂವತ್ತು ವರ್ಷ ವ್ಯಾಪಾರ ಮಾಡಿದವನು, ಸರಕು ಎಲ್ಲಿಯದೆಂದು ಮೊಹರು ನೋಡಿ ಹೇಳುವವನು, ತಾನೇ ಮೊಹರು ಒತ್ತಿಸಿಕೊಂಡು ಕಳಿಸಿದ್ದ. ವಠಾರದ ಅಂಚೆಯೆಲ್ಲ ಮೊದಲು ಹೋಗುವುದು ಸೋರಾ ಅಸುಂತಾಳ ಕೈಗೆ. ಕೇರಿ ಖಾಲಿಯಾಗುವ ಆಗಸ್ಟಿನಲ್ಲಿ ಬ್ರೆಡ್ಡಿನಂಗಡಿಯ, ಚರ್ಚಿನ ಅಂಚೆಯನ್ನೂ ಅಂಚೆಯವನು ಅವಳಲ್ಲೇ ಬಿಟ್ಟುಹೋಗುತ್ತಾನೆ. ಅವಳಿಗೆ ತಿಳಿದದ್ದು ಸಂಜೆಯೊಳಗೆ ಅರವತ್ತು ಕಿಟಕಿಗೂ ತಿಳಿಯುತ್ತದೆ.

"ಅಮ್ಮನಿಗೆ ಹೇಳೋದು ಬೇಡ" ಎಂದಳು ಸಬೀನಾ.

ಹೇಳಲಿಲ್ಲ. ಉಳಿದ ಹದಿನೇಳು ದಿನ ರೇಮೊ ಊರನ್ನು ನೋಡಲೇ ಇಲ್ಲ. ಯಾವ ಕಾರಂಜಿಯ ಮುಂದೆ ನಿಂತರೂ ಅವನಿಗೆ ಅಂಗಳ ಕಾಣುತ್ತಿತ್ತು. ಮಾತು ತಗ್ಗಿದ ಅಂಗಳ.

ಕೊನೆಯ ವಾರ ಎಲ್ವೀರಾ ಸಂತ ಪೇತ್ರನ ಗುಮ್ಮಟ ಹತ್ತಬೇಕೆಂದು ಹಟ ಹಿಡಿದಳು. ಅರವತ್ತನಾಲ್ಕನೇ ನಂಬರಿನ ಬಸ್ಸಿನ ನೂಕುನುಗ್ಗಲಲ್ಲಿ ರೇಮೊನ ಜೇಬಿಗೊಂದು ಕೈ ಇಳಿದು, ಮಾದರಿಯ ಗುಂಡಿಗಳನ್ನು ಎಣಿಸಿ, ಬೇಸರದಿಂದ ಮೇಲೆದ್ದು ಹೋಯಿತು. ಲಿಫ್ಟು ಅರ್ಧದವರೆಗೆ, ದೇವಾಲಯದ ಮಾಳಿಗೆಯವರೆಗೆ ಮಾತ್ರ. ಮುಂದೆ ಮುನ್ನೂರ ಇಪ್ಪತ್ತು ಮೆಟ್ಟಿಲು, ಗುಮ್ಮಟದ ಗೋಡೆಯೊಳಗೇ ವಾಲಿಕೊಂಡು ಏರುವಂಥವು. ನಲವತ್ತು ಹತ್ತಿದಳು. ಗೋಡೆಗೆ ಕೆನ್ನೆಯಿಟ್ಟು ನಿಂತಳು. ಹಿಂದೆ ಐವತ್ತು ಜನ ನಿಂತರು. ಯಾರೋ ಏನೋ ಗೊಣಗಿದರು.

"ಇಳಿಯೋಣ" ಎಂದ ರೇಮೊ.

"ಇಳಿಯೋಕೆ ದಾರಿ ಬೇರೆಯಂತೆ. ಇಲ್ಲಿ ಬರೀ ಹತ್ತೋದು." ಉಸಿರು ಸಿಕ್ಕಿದ ಮೇಲೆ ನಕ್ಕಳು. "ಒಳ್ಳೇ ಕಡೆ ಕರ್ಕೊಂಡು ಬಂದೆ."

ಕಾವಲುಗಾರನೊಬ್ಬ ಬಂದು ಜನರನ್ನು ಗೋಡೆಗೆ ಸರಿಸಿ ಅವಳನ್ನು ಕೆಳಗೆ ಮಾಳಿಗೆಗೆ ಇಳಿಸಿದ. ಸಬೀನಾ ಹಿಡಿದ ಕೊಡೆಯ ನೆರಳಿನಲ್ಲಿ ಅವಳು ಕಟಕಟೆಗೆ ಒರಗಿ ನಿಂತಳು. ಕೆಳಗೆ ಇಡೀ ರೋಮ್ ಹುರಿದ ಹೆಂಚಿನ ಹಾಗೆ ಬಿದ್ದಿತ್ತು. ಅರಮನೆಗಳು, ಗೋಪುರಗಳು, ಎರಡು ಸಾವಿರ ವರ್ಷದ ಕಂಬಗಳು. ಅವಳ ಕಣ್ಣು ಅವನ್ನೆಲ್ಲ ದಾಟಿ ದೂರದಲ್ಲಿ ಏನನ್ನೋ ಹುಡುಕುತ್ತಿತ್ತು.

"ಅಗೋ, ಗ್ಯಾಸಿನ ತೊಟ್ಟಿಯ ಕಬ್ಬಿಣದ ಚೌಕಟ್ಟು. ಅದರಿಂದ ಈಚೆಗೆ ಒಂದು ಬೆರಳು. ಅಲ್ಲೇ ಅಲ್ವಾ ನಮ್ಮ ಮನೆ?"

"ಅಲ್ಲೇ."

"ಈಗ ಸೋರಾ ಅಸುಂತಾ ಗಿಡಕ್ಕೆ ನೀರು ಹಾಕ್ತಿರ್ತಾಳೆ. ನಾವಿಲ್ಲ ಅಂತ." ಟೋಪಿಯನ್ನು ಹಿಂದಕ್ಕೆ ಸರಿಸಿದಳು. "ಇಷ್ಟೆಲ್ಲ ನೋಡಿದೆ ರೇಮೊ. ಮನೆಗೆ ಹೋಗಿ ಒಂದು ಜಗಳ ಆಡಬೇಕು ಅನ್ನಿಸ್ತಿದೆ."

ಮೂವತ್ತೊಂದರ ಬೆಳಿಗ್ಗೆ ಸಬೀನಾ ಗಟ್ಟಿ ಚಹಾ ಕಾಯಿಸಿ ಆರಿಸಿ ಹತ್ತಿಯಲ್ಲಿ ಅಮ್ಮನ ಮುಖಕ್ಕೂ ತೋಳಿಗೂ ಹಚ್ಚಿದಳು. ಬಿಸಿಲಿಗೆ ಮೈಯೊಡ್ಡಬಾರದೆಂದು ಡಾಕ್ಟರು ಹೇಳಿದ್ದರು. ಬಿಳುಪಾಗಿ ಸಮುದ್ರದಿಂದ ಬರುವವರು ಯಾರು?

"ಸಕ್ಕರೆ ಹಾಕಿದ್ದೀಯಾ? ನೊಣ ಮುತ್ತೀತು" ಎಂದಳು ಎಲ್ವೀರಾ.

ಹೆಬ್ಬಾಗಿಲ ಬಳಿ ಕಾರು ನಿಂತಿತು. ಅಂಗಳದಲ್ಲಿ ಆರೇಳು ಹೆಂಗಸರಿದ್ದರು. ಸೋರಾ ಅಸುಂತಾ ಕೋಣೆಯಿಂದ ಹೊರಬಂದು ಎಲ್ವೀರಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಕತ್ತಿನ ಮೂಳೆಗಳನ್ನೂ ಸಡಿಲವಾದ ಅಂಗಿಯನ್ನೂ ನೋಡಿದಳು. ರೇಮೊ ಆ ಪಿಸುಮಾತಿಗಾಗಿ ಕಾದ.

ಅಸುಂತಾಳ ದನಿ ನಾಲ್ಕನೇ ಮಹಡಿಯ ಪಡಿಗಳನ್ನು ನಡುಗಿಸಿತು. "ಏನೇ ಇದು, ಸುಟ್ಟ ಬದನೆಕಾಯಿ ಆಗಿ ಬಂದಿದ್ದೀಯ. ಸಣ್ಣಗೆ ಬೇರೆ. ನಿಮ್ಮಕ್ಕ ಊಟ ಹಾಕ್ಲಿಲ್ವಾ? ಕೇಳಿದ್ರೇನ್ರೇ, ತಂಗಿ ವರ್ಷಕ್ಕೊಮ್ಮೆ ಹೋದ್ರೆ ಹಸಿದ ಹೊಟ್ಟೇಲಿ ಕಳಿಸ್ತಾಳಂತೆ ಆ ಜಿಪುಣಿ. ಮೀನು ಅವಳ ಮನೆ ಬಾಗಿಲಿಗೇ ಈಜಿ ಬರುತ್ತೆ, ತಗೊಂಡು ಹುರಿಯೋಕೇನು?"

ಹೆಂಗಸರು ನಕ್ಕರು. ಎಲ್ಲರೂ ಅಕ್ಕನ ಜಿಪುಣತನದ ಬಗ್ಗೆ ಮಾತಾಡಿದರು. ಎಲ್ವೀರಾ ಅಕ್ಕನ ಪರ ವಹಿಸಿದಳು, ಬಯ್ಯಿಸಿಕೊಂಡಳು, ತಿರುಗಿ ಬಯ್ದಳು. ಮೆಟ್ಟಿಲು ಹತ್ತುವಾಗ ಅವಳ ಕೆನ್ನೆಯಲ್ಲಿ ಚಹಾದಲ್ಲದ ಬಣ್ಣವಿತ್ತು.

ತಿಂಗಳ ಅಂಚೆಯನ್ನು ಅಸುಂತಾ ದಾರ ಕಟ್ಟಿ ಕೊಟ್ಟಿದ್ದಳು. ಬಿಚ್ಚಿದರೆ ವಿದ್ಯುತ್ತಿನ ಬಿಲ್ಲುಗಳ ನಡುವೆ ಮಡಚಿದ ಪತ್ರಿಕೆ, ಪತ್ರಿಕೆಯೊಳಗೆ ಆಸ್ಪತ್ರೆಯ ಹೆಸರು ದೊಡ್ಡದಾಗಿ ಅಚ್ಚಾದ ಲಕೋಟೆ. ಎಂಟನೆಯ ತಾರೀಕಿನದು, ಸಮಯ ಬದಲಾಗಿದೆಯೆಂದು. ಪತ್ರಿಕೆಯೊಳಗೆ ಸಿಕ್ಕಿಕೊಂಡು ಅವಳ ಕಣ್ಣಿಗೆ ಬಿದ್ದಿಲ್ಲ, ದೇವರು ದೊಡ್ಡವನು ಎಂದುಕೊಂಡ ರೇಮೊ.

ಸೆಪ್ಟೆಂಬರಿನ ಕೊನೆಗೆ ಬ್ರೆಡ್ಡಿನಂಗಡಿಯಲ್ಲಿ ಗಲ್ಲಾದ ಹಿಂದೆ ನೀಲಿ ಸಮುದ್ರದ ಕಾರ್ಡು ಸಿಕ್ಕಿಸಿದ್ದನ್ನು ಕಂಡ. ಅಂಗಡಿಯವಳು ಅದನ್ನು ತೆಗೆದು ತಿರುಗಿಸಿ, "ನಿಮ್ಮಾಕೆ ಚೆನ್ನಾಗಿ ಬರೀತಾರೆ" ಎಂದಳು. ಸ್ಟಾಂಪಿನ ಮೇಲೆ, ಅಂಚೆ ಮುದ್ರೆ ಇರಬೇಕಾದ ಕಡೆ, ಕಾಫಿಯ ದುಂಡನೆಯ ಕಲೆ. ಒಂದಕ್ಷರವೂ ಕಾಣದು. ರೇಮೊ ಬ್ರೆಡ್ಡು ಮರೆತು ಪಾದ್ರಿಯ ಬಳಿಗೆ ಹೋದ. ಪಾದ್ರಿ ಕಾರ್ಡನ್ನು ಪ್ರಾರ್ಥನೆಯ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡಿದ್ದ. ಅದೇ ಜಾಗ, ಅದೇ ಗಾತ್ರದ ಕಲೆ. ಒಂದೇ ಅಚ್ಚಿನ ಗುಂಡಿಗಳು ರೇಮೊಗೆ ಕಣ್ಣು ಮುಚ್ಚಿದರೂ ತಿಳಿಯುತ್ತವೆ. ಒಂದು ಕಾರ್ಡಿನ ಮೇಲೆ ಕಾಫಿ ಚೆಲ್ಲುತ್ತದೆ. ಎರಡು ಕಾರ್ಡುಗಳ ಮೇಲೂ ಒಂದೇ ಜಾಗಕ್ಕೆ ಯಾರಾದರೂ ಚೆಲ್ಲಬೇಕು.

ಮುದ್ರೆ ನೋಡಿದವಳು ಲಕೋಟೆಯನ್ನೂ ನೋಡಿದ್ದಳು. ಪತ್ರಿಕೆಯೊಳಗೆ ಅದು ತಾನಾಗಿ ಸಿಕ್ಕಿಕೊಂಡಿರಲಿಲ್ಲ.

ಅವನು ಸೀದಾ ಅವಳ ಕೋಣೆಯ ಬಾಗಿಲಲ್ಲಿ ನಿಂತ. ಅಸುಂತಾ ಹೊಲಿಗೆ ಹಿಡಿದು ಕೂತಿದ್ದಳು.

"ಏನಾಗ್ಬೇಕಿತ್ತು ಸೋರ್ ರೇಮೊ?"

"ಏನಿಲ್ಲ. ಕಾರ್ಡುಗಳ ಮೇಲೆ ಕಾಫಿ ಚೆಲ್ಲಿದೆ."

"ವಯಸ್ಸಾಯ್ತು. ಕೈ ನಡುಗುತ್ತೆ." ಹಾಗೆನ್ನುತ್ತಲೇ ಆ ಮಬ್ಬು ಬೆಳಕಿನಲ್ಲಿ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದಳು. "ಅಷ್ಟೇನಾ? ಹಾಗಾದ್ರೆ ಬೆಳಕಿಗೆ ಅಡ್ಡ ನಿಲ್ಬೇಡಿ."

ರೇಮೊ ಬಾಗಿಲು ಬಿಟ್ಟು ಮೇಲೆ ಹೋದ. ಉಪಕಾರ ಸ್ಮರಿಸಿದರೆ ಉಪಕಾರವೇ ಕೆಡುವ ಜಾಗವೂ ಒಂದಿರುತ್ತದೆ.

ಚಳಿಗಾಲದಲ್ಲಿ ಗಡ್ಡೆ ಯಂತ್ರದ ಮಾತನ್ನು ಮೀರಿತು. ಎಲ್ವೀರಾಳ ಕೈಯಲ್ಲಿ ಚಾದರ ಹಿಂಡುವ ಶಕ್ತಿ ಉಳಿಯಲಿಲ್ಲ. ಹಾಗೇ ಹಗ್ಗಕ್ಕೆ ಎಸೆಯುತ್ತಿದ್ದಳು. ನೀರು ಈಗ ತೊಟ್ಟಿಕ್ಕುತ್ತಿರಲಿಲ್ಲ, ಸುರಿಯುತ್ತಿತ್ತು. ಕೆಳಗಿನಿಂದ ಬೈಗುಳವೂ ಅಷ್ಟೇ ಜೋರಾಯಿತು. "ಮಳೆಗಾಲ ಮುಗಿದ್ರೂ ನಿನ್ನದು ಮುಗೀಲಿಲ್ವಲ್ಲೇ" ಎಂದು ಅಸುಂತಾ ಕೂಗಿದರೆ, ಇವಳು ಕಿಟಕಿಯ ಚೌಕಟ್ಟು ಹಿಡಿದು ನಿಂತು, "ಕುಂಡಕ್ಕೆ ಕಾಲಿಲ್ಲ, ನಿಮಗಿದೆಯಲ್ಲ, ಸರಿಸಿ" ಎನ್ನುತ್ತಿದ್ದಳು.

"ನಾನು ಹಿಂಡಿ ಕೊಡ್ತೀನಮ್ಮ" ಎಂದಳು ಸಬೀನಾ.

"ಬೇಡ. ಅವಳಿಗೂ ಕೆಲಸ ಬೇಡ್ವಾ?"

ಜನವರಿಯಲ್ಲಿ ಜಿರೇನಿಯಂ ಕೊಳೆತು ಸತ್ತಿತು. ಅಸುಂತಾ ಹೊಸ ಗಿಡ ತಂದು ಅದೇ ಜಾಗದಲ್ಲಿಟ್ಟಳು.

ಫೆಬ್ರವರಿಯ ಒಂದು ಬೆಳಿಗ್ಗೆ ಆಸ್ಪತ್ರೆಯ ಇಬ್ಬರು ಬಂದು ಎಲ್ವೀರಾಳನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದರು. ಈಗ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಹೆಂಗಸರು ಬಾಗಿಲುಗಳಿಗೆ ಬಂದರು. ಒಬ್ಬಳು ಇನ್ನೊಬ್ಬಳ ಕಿವಿಗೆ ಬಾಗಿದಳು. ಚೆಂಡು ಉರುಳುವುದು ನಿಂತಿತು. ರೇಮೊ ಹೆಂಡತಿಯ ಮುಖ ನೋಡಿದ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ಎಲ್ವೀರಾ." ಅಸುಂತಾ ಪೊರಕೆ ಹಿಡಿದು ಅಂಗಳದ ನಡುವೆ ಅಡ್ಡ ನಿಂತಿದ್ದಳು. "ನಿನ್ನ ಬಿಳೀ ಚಾದರ ಇನ್ನೂ ಹಗ್ಗದ ಮೇಲಿದೆ. ಯಾರು ತೆಗೀತಾರೆ ಅದನ್ನ, ನಾನಾ? ನಾನೇನು ನಿನ್ನ ಆಳಾ?"

ಎಲ್ವೀರಾ ಕಣ್ಣು ತೆರೆದಳು. "ಇರ್ಲಿ ಬಿಡಿ. ಇನ್ನೂ ಒಂದಿಷ್ಟು ನೀರಿದೆ ಅದರಲ್ಲಿ."

"ನಿನ್ನ ಸೊಕ್ಕು ನೋಡು. ಬಂದ ಮೇಲೆ ಮಾತಾಡ್ತೀನಿ."

"ಬಂದ ಮೇಲೆ" ಎಂದಳು ಎಲ್ವೀರಾ. ಆಂಬುಲೆನ್ಸಿನಲ್ಲಿ ಕೂತ ಮೇಲೂ ಅವಳ ತುಟಿಯ ಕೊನೆಯಲ್ಲಿ ಜಗಳ ಗೆದ್ದವಳ ನಗುವಿತ್ತು.

ಒಂಬತ್ತು ದಿನ ಇದ್ದಳು. ಎಂಟನೆಯ ದಿನ ಹತ್ತಿರ ಕರೆದು ರೇಮೊಗೆ ಹೇಳಿದಳು, "ಸೋರಾ ಅಸುಂತಾಗೆ ಹೇಳು. ಕುಂಡ ಅಲ್ಲೇ ಇರ್ಲಿ ಅಂತ. ಇನ್ನು ನೀರು ಬೀಳಲ್ಲ."

ಮಣ್ಣು ಮಾಡಿ ಬಂದ ಮರುದಿನ ರೇಮೊ ಆ ಮಾತು ತಲುಪಿಸಿದ. ಅಸುಂತಾ ಕೇಳಿಸಿಕೊಂಡಳು. ಏಪ್ರನ್ನಿನ ಅಂಚನ್ನು ಮಡಚಿದಳು, ಬಿಚ್ಚಿದಳು. ಆಮೇಲೆ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ದನಿ ತಗ್ಗಿಸಿದಳು. "ಆಗ್ಲಿ ಸೋರ್ ರೇಮೊ" ಎಂದು ಪಿಸುಗುಟ್ಟಿದಳು.

ಅಂದಿನಿಂದ ಅಂಗಳ ಅವನನ್ನು ಕಂಡರೆ ಪಿಸುಗುಟ್ಟಿತು. ಮೆಟ್ಟಿಲ ಮೇಲೆ ಮುಚ್ಚಳ ಹಾಕಿದ ಸಾರಿನ ಪಾತ್ರೆಗಳು ಬಂದವು. ಎಲ್ವೀರಾ ಯಾವುದಕ್ಕೆ ಹೆದರಿದ್ದಳೆಂದು ಅವನಿಗೆ ಈಗ ನಾಲಿಗೆಯ ಮೇಲೆ ತಿಳಿಯಿತು. ಉಪ್ಪು ಸರಿಯಾಗಿಯೇ ಇರುತ್ತಿತ್ತು, ನುಂಗಲಾಗುತ್ತಿರಲಿಲ್ಲ.

ಹದಿನೈದು ದಿನ ಸಹಿಸಿದ. ಹದಿನಾರನೆಯ ಬೆಳಿಗ್ಗೆ ಬಿಳೀ ಚಾದರವನ್ನು ಸೋಪಿನ ನೀರಿನಲ್ಲಿ ಅದ್ದಿ, ಹಿಂಡದೆ, ಎರಡು ಕೈಯಲ್ಲೂ ಹೊತ್ತು ತಂದು ಹಗ್ಗದ ಮೇಲೆ ಎಸೆದ. ನೀರು ಮೂರು ಮಹಡಿ ಇಳಿದು ಕುಂಡದ ಮೇಲೆ ಬಿತ್ತು. ಅವನು ಪಡಿಯ ಮರೆಯಲ್ಲಿ ನಿಂತ.

ಅಸುಂತಾ ಹೊರಬಂದಳು. ಮೇಲೆ ನೋಡಿದಳು. ಬಗ್ಗಿ ಕುಂಡವನ್ನು ಎರಡು ಗೇಣು ಪಕ್ಕಕ್ಕೆ ಸರಿಸಿ ಸದ್ದಿಲ್ಲದೆ ಒಳಗೆ ಹೋದಳು.

ರೇಮೊ ಅಲ್ಲೇ, ಎಲ್ವೀರಾಳ ಹೊಲಿಗೆಯ ಕುರ್ಚಿಯ ಮೇಲೆ ಕುಸಿದ. ನೀರು ಬರಿಯ ಕಲ್ಲಿನ ಮೇಲೆ ಬೀಳುವ ಸದ್ದು ಕೇಳುತ್ತಿತ್ತು.

ಸ್ವಲ್ಪ ಹೊತ್ತಾಯಿತು. ಕೆಳಗೆ ಬಾಗಿಲು ಮತ್ತೆ ತೆರೆಯಿತು. ಚಪ್ಪಲಿಯ ಸದ್ದು. ಕಲ್ಲಿನ ಮೇಲೆ ಮಣ್ಣಿನ ಕುಂಡ ಎಳೆದ ಸದ್ದು. ನೀರು ಎಲೆಗಳ ಮೇಲೆ ಬೀಳತೊಡಗಿತು.

"ರೇಮೊ" ಎಂದು ದನಿ ಮೇಲೇರಿತು. ಸೋರ್ ಇಲ್ಲ, ಮರ್ಯಾದೆ ಇಲ್ಲ. "ಹಿಂಡೋಕೆ ಕೈಗೇನು ಬಂದಿದೆ ನಿನಗೆ? ಅವಳಿಂದ ಇದೊಂದೇನಾ ನೀನು ಕಲಿತಿದ್ದು? ಇಪ್ಪತ್ತೆರಡು ವರ್ಷ ಒಬ್ಬಳನ್ನ ಸಹಿಸ್ಕೊಂಡಿದ್ದಾಯ್ತು, ಈಗ ನೀನು ಶುರು ಮಾಡಿದ್ಯಾ?"

ನಡುವೆ ದನಿ ಎರಡು ಸಲ ಒಡೆಯಿತು. ಒಡೆದ ಕಡೆಯಿಂದಲೇ ಮತ್ತೆ ಎತ್ತಿಕೊಂಡಳು. ಒಂದೊಂದಾಗಿ ಪಡಿಗಳು ತೆರೆದುಕೊಂಡವು. ರೇಮೊ ಕುರ್ಚಿಯ ಮೇಲೆ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬೈಗುಳವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ. ಅವನ ಅಂಗಿಯ ತೋಳುಗಳಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.